ಪದ ಪರಿಚಯ: ಆಲ್ಫಾ ಬ್ಲಾಕರ್

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರಕ್ಕೆ ತೊಡಕಾದಾಗ ಕೊಡುವ ಆಲ್ಫಾ ಬ್ಲಾಕರ್ ಔಷಧ ಟ್ಯಾಮ್ಸುಲೋಸಿನ್. ಅದರ ಹೆಸರು ಕಂಡ ಕೂಡಲೇ ‘ಪ್ರಾಸ್ಟೇಟ್ ಕರಗಿಸುವ ಮಾತ್ರೆ’ ಎಂದು ಬರೆಯುವುದನ್ನು ಇನ್ನಾದರೂ ಬಿಡಬೇಕು. ಅದು ಏನನ್ನೂ ಕರಗಿಸುವುದಿಲ್ಲ. ವರ್ಷಗಟ್ಟಲೆ ನುಂಗಿದರೂ ಅದರಿಂದ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗ್ರಂಥಿಯ ಅಳತೆ ಇಳಿಯದು. ಇಳಿಯಲಿಲ್ಲವೆಂದು ಬೇಸತ್ತು ನಿಲ್ಲಿಸಿದವರಿಗೆ ರಾತ್ರಿ ನಾಲ್ಕೈದು ಸಲ ಏಳುವ ಪಾಡು ಮತ್ತೆ ಶುರುವಾಗುತ್ತದೆ.

ಮೂತ್ರನಾಳ ಪ್ರಾಸ್ಟೇಟಿನ ನಡುವೆಯೇ ತೂರಿ ಬರುತ್ತದೆ. ಗ್ರಂಥಿ ಬೆಳೆದರೆ ನಾಳ ಇರುಕಾಗುತ್ತದೆ. ಗ್ರಂಥಿಯೊಳಗೂ ಮೂತ್ರಕೋಶದ ಕತ್ತಿನಲ್ಲೂ ಇರುವ ಸ್ನಾಯು ಬಿಗಿಹಿಡಿದರೂ ಇರುಕಾಗುತ್ತದೆ. ಆಲ್ಫಾ ಬ್ಲಾಕರ್ ಈ ಎರಡನೆಯದನ್ನು ಮಾತ್ರ ನೋಡಿಕೊಳ್ಳುತ್ತದೆ: ಸ್ನಾಯುವನ್ನು ಸಡಿಲಿಸುತ್ತದೆ. ಅದಕ್ಕೇ ಕೆಲವೇ ದಿನಗಳಲ್ಲಿ ಧಾರೆ ಸರಾಗವಾಗುತ್ತದೆ.

ಇನ್ನು ಹೆಸರು. 1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್ ಎಂಬ ವಿಜ್ಞಾನಿ, ಅಡ್ರಿನಲಿನ್ ಜಾತಿಯ ವಸ್ತುಗಳು ಬಂದು ಕೂರುವ ಜಾಗಗಳನ್ನು, ಅಂದರೆ ರಿಸೆಪ್ಟರುಗಳನ್ನು, ಎರಡು ಗುಂಪು ಮಾಡಿ ಆಲ್ಫಾ, ಬೀಟಾ ಎಂದು ಕರೆದರು. ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳು, ಅಷ್ಟೆ. ಬಿ.ಪಿ.ಗೆ ಕೊಡುವ ಅಟೆನೋಲಾಲ್ ಬೀಟಾ ಗುಂಪಿನ ಬ್ಲಾಕರ್. ಇಲ್ಲಿ ಬ್ಲಾಕ್ ಆಗುವುದು ಮೂತ್ರವಲ್ಲ, ಸ್ನಾಯುವಿಗೆ ‘ಬಿಗಿ ಹಿಡಿ’ ಎಂಬ ಸೂಚನೆ ಬಂದು ಮುಟ್ಟುವ ಜಾಗ.

ಗೊಂದಲ ಬಲಿಯುವುದು ಇನ್ನೊಂದು ಆಲ್ಫಾದಿಂದ. ಪ್ರಾಸ್ಟೇಟಿಗೇ ಕೊಡುವ ಬೇರೆ ಔಷಧಗಳಾದ ಫಿನಾಸ್ಟರೈಡ್, ಡ್ಯುಟಾಸ್ಟರೈಡ್‌ಗಳನ್ನು ‘5-ಆಲ್ಫಾ ರಿಡಕ್ಟೇಸ್ ಇನ್‌ಹಿಬಿಟರ್’ ಎನ್ನುತ್ತಾರೆ. ಈ ಆಲ್ಫಾಕ್ಕೂ ಆ ಆಲ್ಫಾಕ್ಕೂ ಸಂಬಂಧವೇ ಇಲ್ಲ. 5 ಎಂದರೆ ಸ್ಟೆರಾಯ್ಡ್ ಅಣುವಿನ ಐದನೆಯ ಇಂಗಾಲ. ಆಲ್ಫಾ ಎಂದರೆ ಅಲ್ಲಿಗೆ ಹೈಡ್ರೋಜನ್ ಬಂದು ಸೇರುವ ಮಗ್ಗುಲು. ರಿಡಕ್ಟೇಸ್ ಎಂದರೆ ಗಾತ್ರವನ್ನು ‘ರಿಡ್ಯೂಸ್’ ಮಾಡುವಂಥದ್ದು ಎಂಬ ವಿವರಣೆಯೂ ಓಡಾಡುತ್ತಿದೆ. ಪೂರ್ತಿ ತಲೆಕೆಳಗು! ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಓದಿದ ‘ಅಪಕರ್ಷಣ’ (ರಿಡಕ್ಷನ್) ಅದು. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನನ್ನು ಡಿ.ಎಚ್.ಟಿ. ಎಂಬ ಇನ್ನೊಂದು ಹಾರ್ಮೋನ್ ಆಗಿ ಮಾರ್ಪಡಿಸಿ ಗ್ರಂಥಿಯನ್ನು ಬೆಳೆಸುವುದೇ ರಿಡಕ್ಟೇಸ್ ಎಂಬ ಈ ಕಿಣ್ವ. ಅದನ್ನು ತಡೆಯುವುದು ಮಾತ್ರೆ.

‘ಕರಗಿಸುವ’ ಎಂಬ ಮಾತು ಸ್ವಲ್ಪವಾದರೂ ಒಪ್ಪುವುದಿದ್ದರೆ ಈ ಫಿನಾಸ್ಟರೈಡ್, ಡ್ಯುಟಾಸ್ಟರೈಡ್‌ಗಳಿಗೆ. 60 ಸಿ.ಸಿ. ಇದ್ದ ಗ್ರಂಥಿ ಆರು ತಿಂಗಳಿಂದ ಒಂದು ವರ್ಷದಲ್ಲಿ 45–48ರ ಆಸುಪಾಸಿಗೆ ಬರಬಹುದು. ಒಂದೇ ತಿಂಗಳಿಗೆ ‘ಗುಣ ಕಾಣಲಿಲ್ಲ’ ಎಂದು ಬಿಡುವುದು ತಪ್ಪು. ಗ್ರಂಥಿ ಅಷ್ಟೇನೂ ದೊಡ್ಡದಿಲ್ಲದವರಿಗೆ ಇದರಿಂದ ಹೆಚ್ಚು ಲಾಭವಿಲ್ಲ. ಇನ್ನೊಂದು ಎಚ್ಚರ: ಆರು ತಿಂಗಳಾದ ಮೇಲೆ ಪಿ.ಎಸ್.ಎ. (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ರಕ್ತಪರೀಕ್ಷೆ) ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ 2.5 ಎಂದಿದ್ದರೆ 5 ಎಂದೇ ಓದಬೇಕು. ಇಲ್ಲದಿದ್ದರೆ ಕ್ಯಾನ್ಸರಿನ ಸುಳಿವು ತಪ್ಪಿಹೋಗಬಹುದು. ಗರ್ಭಿಣಿಯರು ಒಡೆದ ಫಿನಾಸ್ಟರೈಡ್ ಮಾತ್ರೆಯನ್ನಾಗಲಿ ಸೋರುವ ಡ್ಯುಟಾಸ್ಟರೈಡ್ ಕ್ಯಾಪ್ಸೂಲನ್ನಾಗಲಿ ಮುಟ್ಟಬಾರದು.

ಒಂದೇ ಕ್ಯಾಪ್ಸೂಲಿನಲ್ಲಿ 0.4 ಮಿ.ಗ್ರಾಂ. ಟ್ಯಾಮ್ಸುಲೋಸಿನ್ ಮತ್ತು 0.5 ಮಿ.ಗ್ರಾಂ. ಡ್ಯುಟಾಸ್ಟರೈಡ್ ಸೇರಿಸಿ ಮಾರುವುದರಿಂದ ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿತೋ ಏನೋ. ಸ್ಟ್ರಿಪ್ಪಿನ ಹಿಂದೆ ಬರೆದಿರುವ ಎರಡೂ ಹೆಸರನ್ನು ಓದಿಕೊಳ್ಳಿ.

ಟ್ಯಾಮ್ಸುಲೋಸಿನ್ ಅನ್ನು ದಿನವೂ ಒಂದೇ ಹೊತ್ತಿನ ಊಟವಾದ ಅರ್ಧ ಗಂಟೆಗೆ ಇಡಿಯಾಗಿ ನುಂಗಬೇಕು. ಜಗಿಯಬಾರದು, ಕ್ಯಾಪ್ಸೂಲ್ ಬಿಚ್ಚಬಾರದು. ಖಾಲಿ ಹೊಟ್ಟೆಯಲ್ಲಿ ಔಷಧ ಒಮ್ಮೆಲೇ ರಕ್ತಕ್ಕೇರಿ, ಎದ್ದು ನಿಂತಾಗ ತಲೆಸುತ್ತು ಬರುವುದು ಹೆಚ್ಚು. ಸ್ಖಲನದಲ್ಲಿ ವೀರ್ಯ ಕಡಿಮೆ ಬರಬಹುದು, ಬಾರದೆಯೂ ಇರಬಹುದು. ಸೈಲೋಡೋಸಿನ್ ಎಂಬ ಇನ್ನೊಂದು ಆಲ್ಫಾ ಬ್ಲಾಕರಿನಲ್ಲಿ ಇದು ಇನ್ನೂ ಸಾಮಾನ್ಯ.

ಹೆಸರು ತಪ್ಪಿದರೆ ನಿಜಕ್ಕೂ ತೊಂದರೆಯಾಗುವುದು ಕಣ್ಣಿನ ಪೊರೆಯ ಆಪರೇಷನ್ನಿನಲ್ಲಿ. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಸ್ನಾಯುವಿನಲ್ಲೂ ಇದೇ ಆಲ್ಫಾ ರಿಸೆಪ್ಟರ್ ಇದೆ. ಟ್ಯಾಮ್ಸುಲೋಸಿನ್ ತೆಗೆದುಕೊಂಡವರಲ್ಲಿ ಪಾಪೆ ಸಾಕಷ್ಟು ಅಗಲವಾಗದೆ, ಅದರ ಸುತ್ತಲಿನ ಪರದೆ ಆಪರೇಷನ್ ನಡುವೆ ಬಟ್ಟೆಯಂತೆ ಅಲುಗಾಡಬಹುದು. ಒಂದೆರಡು ವಾರ ಮೊದಲೇ ನಿಲ್ಲಿಸಿದರೂ ಇದು ತಪ್ಪುತ್ತದೆಂಬ ಭರವಸೆಯಿಲ್ಲ. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಾಗಿರುತ್ತಾರೆ. ಅವರ ಮುಂದೆ ‘ಗಡ್ಡೆ ಕರಗುವ ಮಾತ್ರೆ’ ಎಂದರೆ ಫಿನಾಸ್ಟರೈಡ್ ಇರಬೇಕೆಂದು ಬಿಟ್ಟುಬಿಡಬಹುದು. ‘ಆಲ್ಫಾ ಬ್ಲಾಕರ್’ ಎಂದೇ ಹೇಳಿ, ಸ್ಟ್ರಿಪ್ಪನ್ನೂ ತೋರಿಸಿ.