ಪದ ಪರಿಚಯ: ಚಾನೆಲ್

"3ನೇ ಚಾನೆಲ್ ಖಾಲಿ ಐತ್ರಿ, ಅದಕ್ಕ ಅದನ್ನ ಹಾಕೀನಿ." ಬಾಗಲಕೋಟೆ ವಿದ್ಯಾಗಿರಿಯ ಪಿಜಿಯೇ ಇರಲಿ, ಬೆಳಗಾವಿ ಟಿಳಕವಾಡಿಯ ಅಪಾರ್ಟ್‌ಮೆಂಟೇ ಇರಲಿ, ವೈಫೈ ಹಾಕಲು ಬಂದವರ ಬಾಯಲ್ಲಿ ಈ ಮಾತು ತಪ್ಪದು. ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ 1ನೇ ಚಾನೆಲ್ ಮೇಲೆ ಸುತ್ತಲಿನ ಎಂಟು ವೈಫೈ ಹೆಸರು, 6ರ ಮೇಲೆ ಐದು, 3ರ ಮೇಲೆ ಸೊನ್ನೆ ಕಂಡರೆ ಅದು ಖಾಲಿ ಎನ್ನುವುದು ಸಹಜ. ಆದರೆ ಖಾಲಿ ಅಲ್ಲ.

ಲ್ಯಾಟಿನ್ನಿನ 'ಕನಾಲಿಸ್' ಎಂದರೆ ನೀರಿನ ಕೊಳವೆ ಅಥವಾ ತೋಡು. ಹಳೆಯ ಫ್ರೆಂಚ್ ಹಾದಿಯಲ್ಲಿ ಬಂದದ್ದು 'ಚಾನೆಲ್'. ಅದೇ ಬೇರಿನ ಇನ್ನೊಂದು ಕವಲು ನಮ್ಮ ರೈತರ ಬಾಯಲ್ಲಿರುವ 'ಕೆನಾಲ್'. ಘಟಪ್ರಭಾ ಎಡದಂಡೆ ಕೆನಾಲ್ ಬೇರೆ, ಬಲದಂಡೆಯದು ಬೇರೆ; ಒಂದರ ನೀರು ಇನ್ನೊಂದಕ್ಕೆ ಹೋಗದು. ಚಾನೆಲ್ ಎಂದಾಗಲೂ ಮಂದಿ ಇಂಥದ್ದನ್ನೇ ಅಂದುಕೊಳ್ಳುತ್ತಾರೆ. ಆದರೆ ವೈಫೈ ಬಳಸುವ ರೇಡಿಯೋ ಬ್ಯಾಂಡ್ ಆದ 2.4 ಗಿಗಾಹರ್ಟ್ಸ್‌ನಲ್ಲಿ ಇರುವುದು ಒಂದೇ ಕೆನಾಲ್. 1ರಿಂದ 13ರವರೆಗಿನ ನಂಬರುಗಳು ಅದರ ದಂಡೆಯ ಮೇಲೆ ನೆಟ್ಟ ಕಲ್ಲುಗಳು, ಅಷ್ಟೆ.

ಕಲ್ಲಿಗೂ ಕಲ್ಲಿಗೂ 5 ಮೆಗಾಹರ್ಟ್ಸ್ ಅಂತರ. ಸಿಗ್ನಲ್ಲಿನ ಅಗಲವೋ 20 ಮೆಗಾಹರ್ಟ್ಸ್. 1ನೇ ಚಾನೆಲ್ಲಿನ ನಡು 2412 ಮೆಗಾಹರ್ಟ್ಸ್, ಹರಡಿಕೊಳ್ಳುವುದು 2402ರಿಂದ 2422. 6ರ ನಡು 2437, ಹರವು 2427ರಿಂದ 2447. ನಡುವೆ ತುರುಕಿದ 3ರ ಹರವು 2412ರಿಂದ 2432. ಅಂದರೆ ಅದರ ಅರ್ಧ 1ರ ಮೇಲೆ ಕೂತಿದೆ, ಕಾಲುಭಾಗ 6ರ ಮೇಲೆ. ಖಾಲಿ ಉಳಿದದ್ದು 5 ಮೆಗಾಹರ್ಟ್ಸ್.

"ಎಂಟು ಮಂದಿ ಇರೋ 1ಕ್ಕಿಂತ ಇದು ವಾಸಿ ಅಲ್ಲೇನ್ರಿ?" ಅಲ್ಲ. ಒಂದೇ ಚಾನೆಲ್ಲಿನಲ್ಲಿರುವ ಆ್ಯಕ್ಸೆಸ್ ಪಾಯಿಂಟುಗಳಿಗೆ (ವೈಫೈ ಬಿಡುವ ಡಬ್ಬಿಗಳಿಗೆ) ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತದೆ. ಮೈನಸ್ 82 ಡಿಬಿಎಂನಷ್ಟು (ಸಿಗ್ನಲ್ ಜೋರಿನ ಅಳತೆ; ಮೈನಸ್ ಹೆಚ್ಚಿದಷ್ಟೂ ಜೋರು ಕಡಿಮೆ) ಕ್ಷೀಣವಾಗಿ ಕೇಳಿದರೂ "ಅಲ್ಲೊಬ್ಬರು ಮಾತಾಡ್ತಿದ್ದಾರೆ" ಎಂದು ಸುಮ್ಮನಾಗಿ ಪಾಳಿ ಕಾಯುತ್ತವೆ. 3ರಲ್ಲಿರುವುದಕ್ಕೆ 1ರ ಮಾತು ಮಾತಾಗಿ ಕೇಳದು, ಬರೀ ಗದ್ದಲ. ಆ ಗದ್ದಲ ಮೈನಸ್ 62ರಷ್ಟು ಜೋರಾಗುವವರೆಗೆ ಅದು ಕಾಯುವುದೂ ಇಲ್ಲ. ಇಬ್ಬರೂ ಒಟ್ಟಿಗೆ ಒದರಿ, ಎರಡೂ ಕಡೆ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಕೆಟ್ಟು, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಫೋನಿನಲ್ಲಿ ನಾಲ್ಕೂ ಕಡ್ಡಿ ತುಂಬಿದ್ದು ವಿಡಿಯೋ ಮಾತ್ರ ಸುತ್ತುತ್ತಾ ಕೂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಆದ್ದರಿಂದ ಒಂದರ ಮೇಲೊಂದು ಏರದ 1, 6, 11. ಇವು ಮಾತ್ರ. ರೂಟರಿಗೆ ಲಾಗಿನ್ ಆಗಿ ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ 2.4ರ ಪುಟ ತೆರೆಯಿರಿ. ದೇಶ ಇಂಡಿಯಾ ಇದೆಯೇ ನೋಡಿ. ಆಟೋ ತೆಗೆದು ಮೂರರಲ್ಲಿ ಒಂದನ್ನು ಕೊಡಿ. ಹೆಸರು ಎಣಿಸಬೇಡಿ, ಜೋರು ನೋಡಿ: ಮೈನಸ್ 85ರ ನಾಲ್ವರಿಗಿಂತ ಗೋಡೆಯಾಚೆಯ ಮೈನಸ್ 50ರ ಒಬ್ಬನೇ ಹೆಚ್ಚು ಕಾಡುತ್ತಾನೆ. ಚಾನೆಲ್ ವಿಡ್ತ್ 20ಕ್ಕೇ ಇರಲಿ. ಸ್ಪೀಡ್ ಸಿಗುತ್ತದೆಂದು 40 ಕೊಟ್ಟರೆ ಮೂರರಲ್ಲಿ ಎರಡನ್ನು ಒಬ್ಬರೇ ನುಂಗಿದಂತೆ. ನವನಗರದಂತೆ ಮನೆಗೆ ಮನೆ ಹತ್ತಿದ ಕಡೆ ಅದು ಶುದ್ಧ ಅನ್ಯಾಯ.

1, 5, 9, 13 ಎಂಬ ನಾಲ್ಕರ ಲೆಕ್ಕ ಹೇಳುವವರೂ ಇದ್ದಾರೆ. ಕಾಗದದ ಮೇಲೆ ಸರಿ. ಪಕ್ಕದ ಮನೆಯವರು 6ರಲ್ಲಿದ್ದರೆ ನಿಮ್ಮ 5 ಮತ್ತು 9 ಎರಡೂ ಕೆಟ್ಟವು. ಜೊತೆಗೆ 12, 13 ನಮ್ಮಲ್ಲಿ ನಡೆಯುತ್ತವಾದರೂ ಅಮೆರಿಕದ ಸೆಟ್ಟಿಂಗ್ ಹೊತ್ತು ಬಂದ ಲ್ಯಾಪ್‌ಟಾಪಿಗೆ ಅವು ಕಾಣದೆ ಹೋಗಬಹುದು. "ಫೋನಿಗೆ ವೈಫೈ ಬರ್ತದ, ಲ್ಯಾಪ್‌ಟಾಪಿಗೆ ಬರಂಗಿಲ್ಲ" ಎಂಬ ದೂರು ಬಂದಾಗ ಇದನ್ನೂ ನೋಡಿ.

ವೈಫೈನ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ನಲ್ಲಿ ಈ ಗೊಂದಲ ಕಡಿಮೆ. ಅಲ್ಲಿಯೂ ಕಲ್ಲು 5ಕ್ಕೊಂದೇ, ನಂಬರನ್ನು ಐದರಿಂದ ಗುಣಿಸಿ 5000 ಕೂಡಿಸಿದರೆ ನಡು ಸಿಗುತ್ತದೆ: 36 ಎಂದರೆ 5180. ಆದರೆ ಪಟ್ಟಿಯಲ್ಲಿ ಕೊಡುವುದೇ 36, 40, 44, 48 ಎಂದು ನಾಲ್ಕು ಬಿಟ್ಟು ನಾಲ್ಕು, ಹಾಗಾಗಿ 20ರ ಅಗಲದಲ್ಲಿ ಒಂದರ ಮೇಲೊಂದು ಏರುವುದಿಲ್ಲ. 80ರ ಅಗಲ ಕೊಟ್ಟರೆ ಮಾತ್ರ ಈ ನಾಲ್ಕೂ ಸೇರಿ ಒಂದೇ ಆಗುತ್ತವೆ. ಆಗ ಒಂದು ಮಹಡಿಗೆ 36, ಇನ್ನೊಂದಕ್ಕೆ 44 ಕೊಟ್ಟೆ ಎಂದರೆ ಬೇರೆ ಬೇರೆ ಕೊಟ್ಟಂತಾಗಲಿಲ್ಲ. ಎರಡನೆಯದನ್ನು 149ಕ್ಕೆ ಒಯ್ಯಿರಿ. 52ರಿಂದ 144ರವರೆಗಿನವು ರಾಡಾರ್ ಜೊತೆ ಹಂಚಿಕೊಂಡವು: ಅವನ್ನು ಕೊಟ್ಟರೆ ಸಾಮಾನ್ಯವಾಗಿ ಮೊದಲ 60 ಸೆಕೆಂಡ್ ಸಿಗ್ನಲ್ಲೇ ಬರದು, ಕೆಟ್ಟಿತೆಂದು ರಿಸೆಟ್ ಒತ್ತಬೇಡಿ.