‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಮೀಟ್’ ಬರಬೇಕಾ, ‘ಮೀಟಿಂಗ್’ ಬರಬೇಕಾ?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬುಕಿಂಗ್ ಮಾಡಿದವರಿಗೆಲ್ಲ ‘ವಿ ಲುಕ್ ಫಾರ್ವರ್ಡ್ ಟು ವೆಲ್ಕಮ್ ಯು’ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕುತ್ತಿದ್ದೆ. ಕಾಲೇಜಿಗೆ ಹೋಗುವ ಮಗಳು ಅದನ್ನು ‘ವೆಲ್ಕಮಿಂಗ್ ಯು’ ಅಂತ ತಿದ್ದಿದ್ದಾಳೆ. ‘ಟು’ ಬಂದರೆ ಮುಂದೆ ಕ್ರಿಯಾಪದದ ಮೂಲ ರೂಪವೇ ಬರಬೇಕು, ‘ಐಎನ್‌ಜಿ’ ಹಚ್ಚಬಾರದು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಯಾವುದು ಸರಿ?

ಉತ್ತರ: ಮಗಳು ತಿದ್ದಿದ್ದೇ ಸರಿ. ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟ ನಿಯಮವೂ ಸುಳ್ಳಲ್ಲ, ಆದರೆ ಅದು ಅರ್ಧ ನಿಯಮ. ಹಾಸನ, ಚಿಕ್ಕಮಗಳೂರು ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕೆಲಸಕ್ಕೆ ಅರ್ಜಿ ಬರೆಯುವ ಹುಡುಗರು ಕೇಳುತ್ತಾರೆ, ತೋಟದ ಆಫೀಸಿನಲ್ಲಿ ಲೆಟರ್ ಟೈಪ್ ಮಾಡುವವರು ಕೇಳುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ‘ಟು’ ಎರಡಿವೆ. ಬರೆಯುವುದು ಒಂದೇ ಥರ, ಹೇಳುವುದೂ ಒಂದೇ ಥರ. ಕೆಲಸ ಬೇರೆ ಬೇರೆ. ‘ಐ ವಾಂಟ್ ಟು ಗೋ’ ಅಂದಾಗ ಬರುವುದು ಇನ್ಫಿನಿಟಿವ್‌ನ ‘ಟು’. ಅದು ಕ್ರಿಯಾಪದಕ್ಕೇ ಅಂಟಿಕೊಂಡಿರುತ್ತದೆ. ಶಾಲೆಯ ನಿಯಮ ಇದಕ್ಕೆ ಸಂಬಂಧಪಟ್ಟದ್ದು. ‘ಐ ವೆಂಟ್ ಟು ಬೇಲೂರ್’ ಅಂದಾಗ ಬರುವ ‘ಟು’ ಪ್ರೆಪೊಸಿಷನ್. ಇನ್, ಆನ್, ಫಾರ್, ವಿತ್ ಇವುಗಳ ಸಾಲಿನದು. ಪ್ರೆಪೊಸಿಷನ್ ಆದ ಮೇಲೆ ನಾಮಪದ ಬರಬೇಕು. ಅಲ್ಲಿ ಕ್ರಿಯೆಯನ್ನೇ ಹೇಳಬೇಕು ಅಂತಿದ್ದರೆ ಆ ಕ್ರಿಯಾಪದವನ್ನು ನಾಮಪದ ಮಾಡಿಕೊಳ್ಳಬೇಕು. ‘ಐಎನ್‌ಜಿ’ ಮಾಡುವುದು ಅದನ್ನೇ. ‘ಲುಕ್ ಫಾರ್ವರ್ಡ್ ಟು’ನಲ್ಲಿರುವುದು ಈ ಎರಡನೇ ‘ಟು’.

ಇದು ಕನ್ನಡದವರಿಗೆ ಹೊಸ ವಿಷಯವೇನಲ್ಲ. ಬೇಲೂರು ಇದ್ದದ್ದು ‘ಬೇಲೂರಿಗೆ’ ಆಗುತ್ತದೆ. ಆದರೆ ‘ಹೋಗು’ ಅನ್ನುವುದಕ್ಕೆ ನೇರವಾಗಿ ‘ಗೆ’ ಹಚ್ಚಿ ‘ಹೋಗುಗೆ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಮೊದಲು ‘ಹೋಗುವುದು’ ಮಾಡಿಕೊಂಡು ಆಮೇಲೆ ‘ಹೋಗುವುದಕ್ಕೆ’ ಅನ್ನುತ್ತೇವೆ. ಇಂಗ್ಲಿಷಿನ ‘ಟು ಗೋಯಿಂಗ್’ ಕೂಡ ಇಷ್ಟೇ. ‘ಗೋಯಿಂಗ್’ ಅಂದರೆ ಹೋಗುವುದು, ‘ಟು’ ಅಂದರೆ ‘ಕ್ಕೆ’.

ಇಷ್ಟು ಹೊಂದಿಕೆ ಇದ್ದೂ ನಾವು ಯಾಕೆ ಎಡವುತ್ತೇವೆ? ನಮ್ಮ ‘ಕ್ಕೆ’ ಎರಡೂ ಕಡೆ ನಡೆಯುತ್ತದೆ, ಅದಕ್ಕೆ. ‘ಕಾಫಿ ಕುಡಿಯೋದಕ್ಕೆ ಬಂದೆ’ ಅನ್ನುತ್ತೇವೆ. ‘ಸಕ್ಕರೆ ಇಲ್ಲದೆ ಕಾಫಿ ಕುಡಿಯೋದಕ್ಕೆ ಒಗ್ಗಿಹೋಗಿದೀನಿ’ ಅಂತಲೂ ಅನ್ನುತ್ತೇವೆ. ಎರಡರಲ್ಲೂ ‘ಕುಡಿಯೋದಕ್ಕೆ’ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು ‘ಐ ಕೇಮ್ ಟು ಡ್ರಿಂಕ್ ಕಾಫಿ’. ಎರಡನೆಯದು ‘ಐ ಆಮ್ ಯೂಸ್ಡ್ ಟು ಡ್ರಿಂಕಿಂಗ್ ಕಾಫಿ ವಿದೌಟ್ ಶುಗರ್’. ಕನ್ನಡದಲ್ಲಿ ಯೋಚಿಸಿ ಬರೆಯುವವರಿಗೆ ಈ ಜಾಗದಲ್ಲೇ ಕೈ ತಪ್ಪುತ್ತದೆ.

ಇಂಗ್ಲಿಷ್ ಕೂಡ ಒಂದು ಕಾಲಕ್ಕೆ ಸುಮಾರಾಗಿ ನಮ್ಮ ಹಾಗೇ ಇತ್ತು. ಸುಮಾರು 1100ಕ್ಕಿಂತ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಕುಡಿಯಲು’ ಅನ್ನುವುದಕ್ಕೆ ‘ಡ್ರಿಂಕನ್’ ಅನ್ನುವ ರೂಪವಿತ್ತು, ‘ಟು’ ಇಲ್ಲದೆ. ‘ಟು’ ಸೇರಿಸಿದಾಗ ಅದು ‘ಟು ಡ್ರಿಂಕೆನ್ನೆ’ ಆಗುತ್ತಿತ್ತು. ಆ ‘ಎನ್ನೆ’ ನಮ್ಮ ಚತುರ್ಥಿ ವಿಭಕ್ತಿಯಂಥ ಪ್ರತ್ಯಯ. ಅಂದರೆ ಇನ್ಫಿನಿಟಿವ್‌ನ ‘ಟು’ ಕೂಡ ಮೂಲದಲ್ಲಿ ಪ್ರೆಪೊಸಿಷನ್ನೇ. ಮುಂದಿನ ಕೆಲವು ಶತಮಾನಗಳಲ್ಲಿ ಪ್ರತ್ಯಯ ಸವೆದುಹೋಯಿತು, ‘ಟು ಡ್ರಿಂಕ್’ ಮಾತ್ರ ಉಳಿಯಿತು. ‘ಕಡೆಗೆ’ ಅನ್ನುವ ಹಳೆಯ ಅರ್ಥವನ್ನು ಆ ‘ಟು’ ಬಹುಮಟ್ಟಿಗೆ ಕಳೆದುಕೊಂಡಿತು. ಇವತ್ತು ಎರಡು ‘ಟು’ ಅಂತ ನಾವು ಬಿಡಿಸಿ ನೋಡಬೇಕಾಗಿ ಬಂದಿರುವುದು ಇದರಿಂದ.

ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ‘ಟು’ ಮುಂದೆ ‘ಇಟ್’ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸರಿಯಾಗಿ ಕೂರುತ್ತದೆ. ಹಾಗಾಗಿ ಪ್ರೆಪೊಸಿಷನ್, ‘ಐಎನ್‌ಜಿ’ ಹಚ್ಚಿ. ‘ಐ ವಾಂಟ್ ಟು ಇಟ್’ ಕೂರುವುದಿಲ್ಲ. ಹಾಗಾಗಿ ಇನ್ಫಿನಿಟಿವ್, ಮೂಲ ರೂಪ ಸಾಕು. ‘ಆಬ್ಜೆಕ್ಟ್ ಟು’, ‘ಇನ್ ಅಡಿಷನ್ ಟು’, ‘ವೆನ್ ಇಟ್ ಕಮ್ಸ್ ಟು’, ‘ವಿತ್ ಎ ವ್ಯೂ ಟು’ ಇವೆಲ್ಲ ‘ಐಎನ್‌ಜಿ’ ಕಡೆಯವು. ‘ಕಮಿಟೆಡ್ ಟು’ ಆದ ಮೇಲೆ ಎರಡೂ ರೂಪ ಬಳಕೆಯಲ್ಲಿ ಕಾಣುತ್ತವೆ. ‘ಐಎನ್‌ಜಿ’ ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ.

ಈ ಪರೀಕ್ಷೆ ಕೈಕೊಡುವ ಜಾಗವನ್ನೂ ಹೇಳಿಬಿಡಬೇಕು. ‘ಅಗ್ರೀ’. ‘ವಿ ಅಗ್ರೀಡ್ ಟು ಇಟ್’ ಸರಿ, ಆದರೂ ‘ವಿ ಅಗ್ರೀಡ್ ಟು ಪೇಯಿಂಗ್’ ಅನ್ನುವುದಕ್ಕಿಂತ ‘ವಿ ಅಗ್ರೀಡ್ ಟು ಪೇ’ ಅನ್ನುವುದೇ ರೂಢಿ. ‘ಕನ್ಸೆಂಟ್’, ‘ಎಂಟೈಟಲ್ಡ್’ ಕೂಡ ಹಾಗೇ. ಇವುಗಳಿಗೆ ಎರಡೂ ‘ಟು’ ಒಪ್ಪುತ್ತವೆ. ಇವನ್ನು ಬಾಯಿಪಾಠ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ, ಪುಣ್ಯಕ್ಕೆ ಜಾಸ್ತಿ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಗೊಂದಲ ‘ಯೂಸ್ಡ್ ಟು’ನಲ್ಲಿ. ಕೊಯ್ಲಿನ ಕಾಲದಲ್ಲಿ ತೋಟದ ಪಲ್ಪರ್ ಪಕ್ಕ ನಿಂತಿದ್ದೀರಿ ಅಂದುಕೊಳ್ಳಿ. ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಬೇರೆ ಮಾಡುವ ಆ ಮಷೀನ್ ಬಗ್ಗೆ ಬಂದ ಗೆಸ್ಟ್‌ಗೆ ಮೂರು ಮಾತು ಹೇಳಬೇಕು. ‘ದಿಸ್ ಮಷೀನ್ ಈಸ್ ಯೂಸ್ಡ್ ಟು ಪಲ್ಪ್ ಕಾಫಿ’: ಇದನ್ನು ಹಣ್ಣು ಪಲ್ಪ್ ಮಾಡಲು ಬಳಸುತ್ತಾರೆ. ‘ಮೈ ಅಂಕಲ್ ಯೂಸ್ಡ್ ಟು ರನ್ ಇಟ್’: ಹಿಂದೆ ಚಿಕ್ಕಪ್ಪ ನಡೆಸುತ್ತಿದ್ದರು, ಈಗ ಇಲ್ಲ. ‘ಮೈ ಬ್ರದರ್ ಈಸ್ ಯೂಸ್ಡ್ ಟು ರನ್ನಿಂಗ್ ಇಟ್’: ಅಣ್ಣನಿಗೆ ಅದನ್ನು ನಡೆಸಿ ರೂಢಿಯಾಗಿದೆ. ಮೂರರಲ್ಲಿ ಕೊನೆಯದು ಮಾತ್ರ ಪ್ರೆಪೊಸಿಷನ್. ಕಿವಿಗೊಟ್ಟು ಕೇಳಿದರೆ ಇನ್ನೊಂದು ವ್ಯತ್ಯಾಸವೂ ಸಿಗುತ್ತದೆ. ಮೊದಲನೆಯದರಲ್ಲಿ ‘ಯೂಝ್ಡ್’ ಅಂತ ಗುಂಯ್‌ಗುಡುವ ‘ಝ’. ಉಳಿದ ಎರಡರಲ್ಲಿ ‘ಯೂಸ್ಟ್’ ಅಂತ ಬರೀ ‘ಸ’.

ಇಲ್ಲೇ ನಮ್ಮ ಕಡೆ ತುಂಬಾ ಕೇಳಿಬರುವ ಒಂದು ವಾಕ್ಯವಿದೆ. ‘ಡೈಲಿ ಐ ಯೂಸ್ಡ್ ಟು ಗೋ ಫಾರ್ ವಾಕಿಂಗ್.’ ಹೇಳುವವರು ಇವತ್ತು ಬೆಳಿಗ್ಗೆಯೂ ವಾಕ್ ಮುಗಿಸಿಕೊಂಡೇ ಬಂದಿರುತ್ತಾರೆ. ಕೇಳುವವರಿಗೆ ಅರ್ಥವಾಗುವುದು ‘ಮೊದಲು ಹೋಗುತ್ತಿದ್ದೆ, ಈಗ ಬಿಟ್ಟಿದ್ದೇನೆ’ ಅಂತ. ಇಂಟರ್‌ವ್ಯೂನಲ್ಲಿ ‘ಐ ಯೂಸ್ಡ್ ಟು ರೀಡ್ ನ್ಯೂಸ್‌ಪೇಪರ್ಸ್ ಡೈಲಿ’ ಅಂದರೆ ಓದುವುದನ್ನು ನಿಲ್ಲಿಸಿದ ಹಾಗಾಯಿತು. ಈಗಿನ ಅಭ್ಯಾಸ ಹೇಳಲು ‘ಯೂಸ್ಡ್ ಟು’ ಬೇಡವೇ ಬೇಡ. ‘ಐ ರೀಡ್ ದಿ ನ್ಯೂಸ್‌ಪೇಪರ್ ಎವ್ರಿ ಡೇ’ ಅಂದರೆ ಮುಗಿಯಿತು. ‘ಲುಕ್ ಫಾರ್ವರ್ಡ್ ಟು ಮೀಟ್’ ಅಂತ ಬರೆದರೆ ಅರ್ಥವೇನೂ ಕೆಡುವುದಿಲ್ಲ, ವ್ಯಾಕರಣ ಗೊತ್ತಿರುವವರಿಗೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಇದರಲ್ಲಿ ಅರ್ಥವೇ ಕೆಡುತ್ತದೆ. ಒಂದನ್ನೇ ತಿದ್ದಿಕೊಳ್ಳುತ್ತೇನೆ ಅನ್ನುವವರು ಇದನ್ನೇ ಮೊದಲು ತಿದ್ದಿಕೊಳ್ಳಲಿ.

ಬೇರೆ ಪ್ರೆಪೊಸಿಷನ್‌ಗಳಲ್ಲಿ ಇಷ್ಟು ತೊಂದರೆ ಇಲ್ಲ. ‘ಗುಡ್ ಅಟ್ ಕುಕಿಂಗ್’, ‘ವಿದೌಟ್ ಆಸ್ಕಿಂಗ್’ ಅಂತ ಬಾಯಲ್ಲಿ ತಾನಾಗಿ ಬರುತ್ತದೆ. ಪ್ರೆಪೊಸಿಷನ್ ಬೇಕಾದ ಕಡೆ ಅದನ್ನು ಬಿಟ್ಟು ಇನ್ಫಿನಿಟಿವ್ ತಂದು ಕೂರಿಸುವುದು ಜಾಸ್ತಿ. ‘ವಿ ಆರ್ ಥಿಂಕಿಂಗ್ ಟು ಕ್ಲೈಂಬ್ ಮುಳ್ಳಯ್ಯನಗಿರಿ’ ಅಲ್ಲ, ‘ಥಿಂಕಿಂಗ್ ಆಫ್ ಕ್ಲೈಂಬಿಂಗ್’. ‘ದಿ ರೇನ್ ಪ್ರಿವೆಂಟೆಡ್ ಅಸ್ ಟು ಕ್ರಾಸ್ ಶಿರಾಡಿ ಘಾಟ್’ ಅಲ್ಲ, ‘ಪ್ರಿವೆಂಟೆಡ್ ಅಸ್ ಫ್ರಮ್ ಕ್ರಾಸಿಂಗ್’. ಬಿಲ್ ನಾನೇ ಕೊಡುತ್ತೇನೆ ಅಂತ ಹಟ ಹಿಡಿದರೆ ‘ಇನ್ಸಿಸ್ಟೆಡ್ ಆನ್ ಪೇಯಿಂಗ್’.

ಹಾಗಾದರೆ ಪ್ರೆಪೊಸಿಷನ್ ಆದ ಮೇಲೆ ಇನ್ಫಿನಿಟಿವ್ ಬರುವುದೇ ಇಲ್ಲವಾ? ಕೆಲವು ಕಡೆ ಬರುತ್ತದೆ. ‘ಹೊರತು’ ಅನ್ನುವ ಅರ್ಥದ ‘ಬಟ್’ ಮತ್ತು ‘ಎಕ್ಸೆಪ್ಟ್’ ಒಂದು. ಮಳೆಗೆ ಘಾಟಿ ರಸ್ತೆ ಬಂದ್ ಆಗಿದೆ, ‘ವಿ ಹ್ಯಾಡ್ ನೋ ಚಾಯ್ಸ್ ಬಟ್ ಟು ವೇಟ್’. ಹಿಂದೆ ‘ಡು’ ಬಂದಿದ್ದರೆ ಆ ‘ಟು’ ಕೂಡ ಸಾಮಾನ್ಯವಾಗಿ ಬೀಳುತ್ತದೆ: ‘ವಿ ಡಿಡ್ ನಥಿಂಗ್ ಬಟ್ ವೇಟ್’. ಇನ್ನೊಂದು ‘ಅಬೌಟ್’. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ರೈಟ್ ಅಂದಿದ್ದಾರೆ, ‘ದಿ ಬಸ್ ಈಸ್ ಅಬೌಟ್ ಟು ಲೀವ್’, ಇನ್ನೇನು ಹೊರಟಿತು. ‘ವಿ ಟಾಕ್ಡ್ ಅಬೌಟ್ ಲೀವಿಂಗ್’ ಅಂದರೆ ಹೊರಡುವ ಬಗ್ಗೆ ಬರೀ ಮಾತಾಡಿದೆವು. ಇನ್ನು ‘ಹೌ’, ‘ವೇರ್’, ‘ವೆದರ್’ ನಡುವೆ ಬಂದರೆ ಇನ್ಫಿನಿಟಿವ್ ಧಾರಾಳವಾಗಿ ಬರಬಹುದು: ‘ದೇ ಆಸ್ಕ್ಡ್ ಅಬೌಟ್ ಹೌ ಟು ರೀಚ್ ಮುಳ್ಳಯ್ಯನಗಿರಿ’.

‘ಫಾರ್’ ಬಗ್ಗೆ ಎರಡು ಮಾತು. ‘ವಿ ವೇಟೆಡ್ ಫಾರ್ ದಿ ರೇನ್ ಟು ಸ್ಟಾಪ್’ ಸರಿ, ಯಾಕಂದರೆ ‘ಫಾರ್’ ಮತ್ತು ‘ಟು’ ನಡುವೆ ಮಳೆ ಇದೆ. ನಡುವೆ ಏನೂ ಇಲ್ಲದ ‘ಫಾರ್ ಟು’ ಹಿಂದೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿತ್ತು. 1611ರ ಬೈಬಲ್ ಅನುವಾದದಲ್ಲೂ ‘ಫಾರ್ ಟು ಸೀ’ ಅಂತ ಇದೆ. ಐರ್ಲೆಂಡ್, ಸ್ಕಾಟ್ಲೆಂಡಿನ ಕೆಲವರ ಆಡುಮಾತಿನಲ್ಲಿ ಈಗಲೂ ಇದೆ. ನಾವು ಬರೆಯುವ ಇಂಗ್ಲಿಷಿನಲ್ಲಿ ಅದು ಇಲ್ಲ. ಅದನ್ನು ತಪ್ಪಿಸಲು ಹೋಗಿ ‘ವಿ ಕೇಮ್ ಫಾರ್ ಸೀಯಿಂಗ್ ದಿ ಟೆಂಪಲ್’ ಅಂತ ಬರೆಯುವವರಿದ್ದಾರೆ. ಅದೂ ಸರಿಯಲ್ಲ. ಒಬ್ಬರು ಯಾಕೆ ಬಂದರು ಅಂತ ಹೇಳಲು ‘ಟು ಸೀ’ ಸಾಕು. ಒಂದು ವಸ್ತು, ಒಂದು ಜಾಗ ಯಾವುದಕ್ಕೆ ಇದೆ ಅಂತ ಹೇಳುವಾಗ ‘ಫಾರ್’ ಜೊತೆ ‘ಐಎನ್‌ಜಿ’ ಬರುತ್ತದೆ. ಕಾಫಿ ಕಣ ತೋರಿಸುವಾಗ ‘ದಿಸ್ ಯಾರ್ಡ್ ಈಸ್ ಫಾರ್ ಡ್ರೈಯಿಂಗ್ ಕಾಫಿ’ ಅನ್ನಿ. ಅಲ್ಲಿ ಕೆಲಸಕ್ಕೆ ಬಂದಿರುವವರ ಬಗ್ಗೆ ಹೇಳುವಾಗ ‘ದೇ ಹ್ಯಾವ್ ಕಮ್ ಟು ಡ್ರೈ ಕಾಫಿ’.