ಪರಂಗಿ ಎಲೆಯ ಮಾತ್ರೆಯೂ ಪ್ಲೇಟ್‌ಲೆಟ್ ಲೆಕ್ಕವೂ

ಮಳೆಗಾಲದಲ್ಲಿ ಬೆಂಗಳೂರಿನ ತಾರಸಿಗಳ ಹೂಕುಂಡಗಳಲ್ಲಿ, ಮುಚ್ಚಳವಿಲ್ಲದ ಡ್ರಮ್ಮುಗಳಲ್ಲಿ ನೀರು ನಿಂತಿತೆಂದರೆ ನಮ್ಮ ಹೊರರೋಗಿ ವಿಭಾಗದಲ್ಲಿ ಪರಂಗಿ ಎಲೆಯ ಮಾತೂ ಆರಂಭವಾಗುತ್ತದೆ. ಜ್ವರ ಡೆಂಗಿಯೇ ಎಂದು ಖಚಿತವಾಗುವ ಮೊದಲೇ ಮನೆಯವರು, ಡೆಂಗಿಯಲ್ಲಿ ಕುಸಿಯುವ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಎಣಿಕೆಯನ್ನು ಏರಿಸುತ್ತದೆಂದು ನಂಬಿ, ಎಲೆಯ ಸಾರದ 1100 ಮಿಲಿಗ್ರಾಂ ಮಾತ್ರೆಗಳನ್ನು ಕೊಂಡು ತಂದಿರುತ್ತಾರೆ.

ಈ ಸಾರಕ್ಕೆ ಆಧಾರವೇ ಇಲ್ಲವೆನ್ನಲಾಗದು. ಮಲೇಷ್ಯಾದಲ್ಲಿ 228 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50 ಗ್ರಾಂ ತಾಜಾ ಎಲೆಯ ರಸವನ್ನು ಮೂರು ದಿನ ಕುಡಿದವರಲ್ಲಿ ಪ್ಲೇಟ್‌ಲೆಟ್ ಎಣಿಕೆ ಬೇಗ ಏರಿತ್ತು. ಆದರೆ ಯಾರಿಗೆ ರಸ ಕೊಡಲಾಗುತ್ತಿದೆಯೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಫಲಿತಾಂಶದಲ್ಲಿ ಪಕ್ಷಪಾತ ನುಸುಳಿರಬಹುದು. ಸಾವು, ತೀವ್ರ ರಕ್ತಸ್ರಾವಗಳು ಇದರಿಂದ ಕಡಿಮೆಯಾಗುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ಜ್ವರ ಬಿಟ್ಟ ಕೆಲ ದಿನಗಳಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುವುದು ಈ ಕಾಯಿಲೆಯ ಸ್ವಭಾವವಾದ್ದರಿಂದ, ಐದು ದಿನ ಮಾತ್ರೆ ನುಂಗಿದವರು ಗುಣವಾದ ಕೀರ್ತಿಯನ್ನು ಮಾತ್ರೆಗೇ ಕೊಡುತ್ತಾರೆ.

ನನ್ನ ತಕರಾರು ಎಲೆಯ ಮೇಲಲ್ಲ, ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತ ಕೂರುವ ನಮ್ಮ ಅಭ್ಯಾಸದ ಮೇಲೆ. ಡೆಂಗಿಯಲ್ಲಿ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ರಕ್ತನಾಳಗಳಿಂದ ದ್ರವಾಂಶ ಸೋರಿ ರಕ್ತದೊತ್ತಡ ಕುಸಿಯುವುದು, ಅದೂ ಜ್ವರ ಇಳಿದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿನಲ್ಲೇ. ಪ್ಲೇಟ್‌ಲೆಟ್ 90,000 ಇದ್ದರೂ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು; ದ್ರವಾಂಶ ಸೋರಿದಂತೆ ಇದು ಏರುತ್ತದೆ) 38ರಿಂದ 47ಕ್ಕೇರಿರುವವರ ಬಗ್ಗೆ ನನಗಿರುವ ದಿಗಿಲು, ಪ್ಲೇಟ್‌ಲೆಟ್ 30,000 ಇದ್ದರೂ ಪಿಸಿವಿ ಏರದೆ, ಗಂಜಿ, ಎಳನೀರು ಕುಡಿಯುತ್ತ, ಸರಿಯಾಗಿ ಮೂತ್ರ ಹೋಗುತ್ತಿರುವವರ ಬಗ್ಗೆ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ವರದಿ ಕಳಿಸುವವರು ಪ್ಲೇಟ್‌ಲೆಟ್ ಸಾಲಿಗೆ ಮಾತ್ರ ಕೆಂಪು ಗೆರೆ ಎಳೆದಿರುತ್ತಾರೆ. ಪಿಸಿವಿ ಅದೇ ಹಾಳೆಯಲ್ಲಿರುತ್ತದೆ.

ಕೆಲವೇ ದಿನಗಳ ಸೇವನೆಯಲ್ಲಿ ಮಾತ್ರೆಯಿಂದ ದೊಡ್ಡ ತೊಂದರೆ ಅಪರೂಪ. ಮನೆಯಲ್ಲಿ ಅರೆದ ರಸದ ಪ್ರಮಾಣಕ್ಕೆ ಮಾತ್ರ ಅಳತೆಯಿಲ್ಲ, ಮೇಲಾಗಿ ಅದು ವಿಪರೀತ ಕಹಿ. ಮೊದಲೇ ವಾಕರಿಕೆಯಿರುವ ಮಗುವಿಗೆ ಮೂಗು ಹಿಡಿದು ಕುಡಿಸಿ ವಾಂತಿ ಮಾಡಿಸಿದರೆ ಒಳಗಿದ್ದ ನೀರೂ ಹೋಯಿತು. ಗರ್ಭಿಣಿಯರಿಗೆ ಇದು ಬೇಡ. ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಔಷಧ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವೆಂದು ಐಬುಪ್ರೊಫೆನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ, ಎಲೆಯ ಮಾತ್ರೆ ಇನ್ನೆರಡು ದಿನ ನೋಡೋಣ ಎನ್ನದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.